ಮೊದಲು ‘ಸಾ’ ಹಿಡಿ ತಮ್ಮಾ

ಶ್ರಾವಣ ಬಂತೆಂದರೆ ಕಲಬುರಗಿ ಸೀಮೆಯ ಊರೂರಲ್ಲಿ ಪುರಾಣ ಹಚ್ಚುತ್ತಾರೆ. ಪುರಾಣ ಹೇಳುವವರು ಪ್ರಸಂಗ ನಿಲ್ಲಿಸಿದ ಕಡೆ ಪಕ್ಕದ ಗವಾಯಿ ಹಾರ್ಮೋನಿಯಂ ಮೇಲೆ ಬೆರಳಿಟ್ಟು ಹಾಡೆತ್ತುತ್ತಾರೆ, ತಬಲಾ ಕೂಡಿಕೊಳ್ಳುತ್ತದೆ. ನಗರದ ಮಠಗಳಲ್ಲಿ ಕೂತು ಕೇಳಿದವರೂ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಹಗಲೆಲ್ಲ ತೋಟದಲ್ಲಿ ದುಡಿದು ರಾತ್ರಿ ಭಜನೆಗೆ ಕೂಡುವವರೂ ಈ ದನಿಯಲ್ಲೇ ಬೆಳೆದವರು. ಹಾಗಾಗಿ ಹಾಡು ಕಲಿಯಲು ಹೊರಟವರು ಮೀಂಡ್, ಗಮಕ, ತಾನ್ ಎಂಬ ಮಾತು ಕೇಳಿ ಅಂಜಬೇಕಿಲ್ಲ. ಕಿವಿಗೆ ಅವೆಲ್ಲ ಮೊದಲೇ ಗೊತ್ತು.

ಗವಾಯಿಗಳ ಈ ಪರಂಪರೆಗೆ ದೊಡ್ಡ ಆಸರೆ ಗದುಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅಲ್ಲಿ ಕಲಿತವರು ನಾಡಿನ ಊರೂರಿಗೆ ಹೋಗಿ ಹಾಡಿದರು, ಕಲಿಸಿದರು. ಕಲ್ಯಾಣ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ಬರೀ ಸಭಾಂಗಣದ ಸೊತ್ತಾಗದೆ ಮಠ, ಗುಡಿಗಳ ಹಾಡಾಗಿ ಉಳಿದಿರುವುದರಲ್ಲಿ ಇವರ ಪಾಲು ದೊಡ್ಡದು.

ಇನ್ನು ಪಾಠಕ್ಕೆ ಬರೋಣ. ಹೊಸಬರು ಹಾರ್ಮೋನಿಯಂ ಮುಂದೆ ಕೂತ ಕೂಡಲೇ ಕೇಳುವ ಮಾತು ‘ನಿನ್ನ ಪಟ್ಟಿ ಯಾವುದು?’ ಎನ್ನುವುದು. ಅದರ ಕರಿ, ಬಿಳಿ ಮನೆಗಳಲ್ಲಿ ಯಾವುದನ್ನು ‘ಸಾ’ ಎಂದು ಹಿಡಿದರೆ ನಮ್ಮ ದನಿ ಕೆಳಗೂ ಇಳಿದು ಮೇಲೂ ಏರಬಲ್ಲದೋ ಅದೇ ನಮ್ಮ ಪಟ್ಟಿ, ನಮ್ಮ ಶ್ರುತಿ. ಗಂಡಸರಿಗೆ ಹೆಚ್ಚಾಗಿ ಕರಿ ಒಂದು ಅಥವಾ ಬಿಳಿ ಎರಡು ಹೊಂದುತ್ತದೆ, ಹೆಣ್ಣುಮಕ್ಕಳಿಗೆ ಕರಿ ನಾಲ್ಕು, ಕರಿ ಐದರ ಆಸುಪಾಸು. ಕರಿ ಒಂದರಲ್ಲಿ ಗಂಡಸು ಮಧ್ಯ ಸಪ್ತಕದ ‘ಸಾ’ ಹಾಡಿದಾಗ ಅವನ ಗಂಟಲಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತವೆ. ಮೇಲಿನ ತಾರ ಸಪ್ತಕದ ‘ಸಾ’ಕ್ಕೆ ಅದು ಎರಡು ಪಟ್ಟು, ಕೆಳಗಿನ ಮಂದ್ರಕ್ಕೆ ಅರ್ಧ. ತಮ್ಮ ಪಟ್ಟಿ ಗೊತ್ತಿಲ್ಲದೆ ಭಜನೆಯಲ್ಲಿ ಪಕ್ಕದವನ ಪಟ್ಟಿಗೆ ಏರಿ ಹಾಡುವವರನ್ನು ನೋಡಿ. ಕುತ್ತಿಗೆಯ ನರ ಉಬ್ಬುತ್ತವೆ, ಗದ್ದ ಮೇಲೇಳುತ್ತದೆ, ಎರಡನೇ ಪದಕ್ಕೆ ದನಿ ಒಡೆಯುತ್ತದೆ. ಮತ್ತೆ ಕೆಲವರು ಮೇಲಿನ ಸ್ವರ ಬಂದಾಗ ತೆಳುವಾದ ಕಳ್ಳದನಿಗೆ ಜಾರುತ್ತಾರೆ. ಎರಡಕ್ಕೂ ಮದ್ದು ಒಂದೇ: ಪಟ್ಟಿ ಇಳಿಸುವುದು.

‘ಕೂಗಬ್ಯಾಡೋ ತಮ್ಮಾ, ಮೊದ್ಲ ಸಾ ಹಿಡಿ’ ಎಂದು ನಮ್ಮ ಕಡೆಯ ಗುರುಗಳು ಹೇಳುವುದು ಸುಮ್ಮನೆ ಅಲ್ಲ. ತಂಬೂರಿ ಮೀಟುತ್ತ, ಅದಿಲ್ಲದಿದ್ದರೆ ಮೊಬೈಲಿನ ತಂಬೂರಿ ಹಚ್ಚಿಟ್ಟು, ಹೊಟ್ಟೆ ಉಬ್ಬುವಂತೆ ಉಸಿರೆಳೆದು ಒಂದೇ ‘ಸಾ’ ಮೇಲೆ ನಿಲ್ಲಬೇಕು. ಭುಜ ಏರಬಾರದು. ದನಿ ನಡುಗದೆ, ಕೊನೆಗೆ ಸೋತು ಕೆಳಗಿಳಿಯದೆ, ತಂಬೂರಿಯಲ್ಲಿ ಬೆರೆಯುವ ತನಕ. ಬೆಳಗಿನ ಹೊತ್ತು ಮಂದ್ರದ ಕಡೆಗೆ ಇಳಿದಿಳಿದು ಮಾಡುವ ಇದೇ ಸಾಧನೆಗೆ ಖರ್ಜದ ರಿಯಾಜ್ ಎನ್ನುತ್ತಾರೆ. ಸ್ವರದ ಹೆಸರು ಬಿಟ್ಟು ಬಾಯಿ ತೆರೆದು ‘ಆ’ ಎಂದಷ್ಟೇ ಹಾಡುವುದು ಆಕಾರ. ‘ಸಾರೆಗ, ರೆಗಮ, ಗಮಪ’ ಎಂದು ಸ್ವರಗಳನ್ನು ಸರಪಳಿಯಾಗಿ ಹೆಣೆಯುವುದು ಪಲ್ಟಾ. ಬೇಸರ ಬರುವ ಕೆಲಸವೇ ಇದು, ನಿಜ. ಆದರೆ ಇದನ್ನು ತಪ್ಪಿಸಿ ಸೀದಾ ಹಾಡಿಗೆ ಹಾರಿದವರ ಶ್ರುತಿ ಮುಂದೆ ಎಷ್ಟು ವರ್ಷವಾದರೂ ಗಟ್ಟಿಯಾಗುವುದು ಕಷ್ಟ.

‘ಸಾ’ ನಿಂತ ಮೇಲೆ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ಬಗೆಗಳು ತೆರೆದುಕೊಳ್ಳುತ್ತವೆ. ನಡುವೆ ಎಲ್ಲೂ ಕಡಿಯದೆ ಜಾರುವುದು ಮೀಂಡ್. ಮುಖ್ಯ ಸ್ವರಕ್ಕೆ ಮುನ್ನ ಪಕ್ಕದ್ದನ್ನು ಸೋಕಿ ಬರುವುದು ಕಣ್. ಮೂರು ನಾಲ್ಕು ಸ್ವರ ಚುರುಕಾಗಿ ಸುತ್ತಿದರೆ ಮುರ್ಕಿ, ಎದೆಯ ಬಲ ಹಾಕಿ ಸ್ವರವನ್ನು ತೂಗಿಸಿದರೆ ಗಮಕ, ವೇಗದಲ್ಲಿ ಸ್ವರಗಳ ಸಾಲೇ ಹರಿದರೆ ತಾನ್. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ ಹಚ್ಚಿ ಕೇಳಿ: ಅಕ್ಷರ ಮಾಸದೆ ಮೀಂಡ್ ಹೇಗೆ ಮಾತಿನ ಒಳಗೇ ಸಾಗುತ್ತದೆ ಎಂಬುದು ತಿಳಿಯುತ್ತದೆ. ತಾನ್ ಎಂದರೇನು ಎಂದು ಕೇಳಿದವರಿಗೆ ಭೀಮಸೇನ ಜೋಶಿಯವರು ವೇಗದ ಲಯದಲ್ಲಿ ಹಾಡುವ ದ್ರುತ್ ಖಯಾಲು ಸಾಕು.

ಖ್ವಾಜಾ ಬಂದೇ ನವಾಜರ ದರ್ಗಾದ ಉರುಸಿನಲ್ಲಿ ಖವ್ವಾಲಿ ಕೇಳಿದವರಿಗೆ ಮತ್ತೊಂದು ಪಾಠ ಸಿಕ್ಕಿರುತ್ತದೆ. ಮುಖ್ಯ ಗಾಯಕ ಒಂದೇ ಸಾಲನ್ನು ಮತ್ತೆ ಮತ್ತೆ ತಿರುಗಿಸುತ್ತಾನೆ, ಪ್ರತಿ ಸಲ ಸ್ವರ ಬೇರೆ, ಒತ್ತು ಬೇರೆ. ಖಯಾಲಿನಲ್ಲಿ ಹಾಡಿನ ಪದಗಳನ್ನೇ ಹಿಡಿದು ರಾಗ ಬೆಳೆಸುವ ಬೋಲ್ ಆಲಾಪದ ಕೆಲಸವೂ ಇದಕ್ಕೆ ಹತ್ತಿರದ್ದೇ. ಕಡಕೋಳ ಮಡಿವಾಳಪ್ಪನವರ ತತ್ತ್ವಪದ ಹಾಡುವ ಮೇಳದಲ್ಲಿ ಮುಂದಿನವರು ಸಾಲೆತ್ತುತ್ತಾರೆ, ಹಿಂದಿನವರು ಪಲ್ಲವಿ ಹಿಡಿಯುತ್ತಾರೆ, ಎಲ್ಲರೂ ಬಂದು ಕೂಡುವ ಜಾಗ ಮಾತ್ರ ತಪ್ಪುವುದಿಲ್ಲ. ಆ ಜಾಗಕ್ಕೆ ಹಿಂದೂಸ್ತಾನಿಯಲ್ಲಿ ಸಮ್ ಎನ್ನುತ್ತಾರೆ. ತೀನ್ ತಾಳದ 16 ಮಾತ್ರೆಗಳಲ್ಲಿ ಮೊದಲನೆಯದು ಅದು. ಭಜನೆಗೆ ಹೆಚ್ಚು ಒಗ್ಗುವ ಕೆಹರವಾದಲ್ಲಿ 8 ಮಾತ್ರೆ, ದಾದರಾದಲ್ಲಿ 6. ರಾಗ, ತಾಳದಲ್ಲಿ ಕಟ್ಟಿದ ಹಾಡಾದ ಬಂದಿಶ್‌ನ ಮೊದಲ ಭಾಗ ಸ್ಥಾಯಿ, ಮೇಲಿನ ಸಪ್ತಕಕ್ಕೆ ಕೈಚಾಚುವ ಎರಡನೆಯದು ಅಂತರಾ. ಈ ಎರಡು ಭಾಗಗಳ ಕಟ್ಟನ್ನು ನಮ್ಮ ಭಜನೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಯಾರದೋ ಕಂಠ ಅನುಕರಿಸುವ ಆಸೆ ಹೊಸಬರಲ್ಲಿ ಬಹಳ. ಅದು ಬೇಕಿಲ್ಲ. ಗಂಗೂಬಾಯಿ ಹಾನಗಲ್ಲರ ಎಳೆಯ ದನಿ ಟಾನ್ಸಿಲ್ ಚಿಕಿತ್ಸೆಯ ನಂತರ ದಪ್ಪಗಾಯಿತು. ಅವರು ಹಳೆಯ ದನಿಯನ್ನು ಬಲವಂತದಿಂದ ಎಳೆದು ತರಲಿಲ್ಲ. ಬಂದ ದನಿಯಲ್ಲೇ ಕಿರಾಣಾ ಘರಾಣೆಯ ನಿಧಾನದ ಆಲಾಪವನ್ನು ಬೆಳೆಸಿದರು. ದನಿ ಸಣ್ಣದಿರಲಿ, ದೊರಗಿರಲಿ, ಶ್ರುತಿಯಲ್ಲಿ ನಿಂತರೆ ಅದು ಹಾಡುವ ದನಿಯೇ.

ಗಂಟಲಿನ ಬಗ್ಗೆ ಎರಡು ಮಾತು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಕುಡಿಯದೆ ರಿಯಾಜಿಗೆ ಕೂರಬಾರದು. ನೆಗಡಿ, ಕೆಮ್ಮು ಇದ್ದಾಗ ತಾರ ಸಪ್ತಕ ಮುಟ್ಟಬಾರದು. ದನಿ ಕಟ್ಟಿ ಮೂರು ವಾರವಾದರೂ ಬಿಡದಿದ್ದರೆ ಶುಂಠಿ, ಕಲ್ಲುಸಕ್ಕರೆಯನ್ನೇ ನಂಬಿ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು.

ಕಲಿಕೆಯ ಶುರುವಿಗೆ ಭೂಪಾಲಿ ರಾಗ ಒಳ್ಳೆಯದು. ಸಾ, ರೆ, ಗ, ಪ, ಧ ಐದೇ ಸ್ವರ, ಎಲ್ಲವೂ ಶುದ್ಧ. ಅದು ಕೂತ ಮೇಲೆ ತೀವ್ರ ಮಧ್ಯಮದ ಯಮನ್. ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆ ಕಟ್ಟುವವರು ಪ್ರಾರಂಭಿಕ್ ದರ್ಜೆಯಿಂದ ತೊಡಗುತ್ತಾರೆ. ಅಲ್ಲಿ ಪರಿಭಾಷೆ ಬಾಯಿಪಾಠ ಮಾಡಿ ಬಂದ ಮಕ್ಕಳು ತಂಬೂರಿ ಮುಂದೆ ತಡವರಿಸುವುದುಂಟು. ಆದ್ದರಿಂದ ಮನೆಯಲ್ಲಿ ಮಕ್ಕಳಿಗೆ ‘ಮೀಂಡ್ ಎಂದರೇನು?’ ಎಂದು ಕೇಳುವ ಬದಲು ‘ಸಾದಿಂದ ಪಂಚಮಕ್ಕೆ ಮೀಂಡ್ ತಗೊಂಡು ತೋರಿಸು’ ಎನ್ನಿ.