ವಾಷಿಂಗ್ಟನ್ ಎಂಬ ಮನೆತನದ ಹೆಸರು

ಮನೆತನದ ಹೆಸರು ವಂಶದ ಗುರುತು, ಅದನ್ನು ಹಿಡಿದು ಹಿಂದಕ್ಕೆ ನಡೆದರೆ ಮೂಲಪುರುಷನ ಮನೆಯಂಗಳವನ್ನು ಮುಟ್ಟಬಹುದು ಎಂಬ ನಂಬಿಕೆ ಅನೇಕ ದೇಶಗಳಲ್ಲಿ ಉಂಟು. ಊರಿನಿಂದ ಹುಟ್ಟಿದ ಹೆಸರುಗಳ ವಿಷಯದಲ್ಲಂತೂ ಈ ನಂಬಿಕೆ ಇನ್ನೂ ಗಟ್ಟಿಯಾದುದು. ಡಿ. ವಿ. ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಆದರೂ ಅವರ ಹೆಸರಿನ ಮೊದಲ ಅಕ್ಷರ ಹಿರಿಯರ ದೇವನಹಳ್ಳಿಯನ್ನು ನೆನೆಯುತ್ತದೆ. ಹುಟ್ಟಿದ ಊರು ಬೇರೆಯಾದರೂ ಬಂದ ಊರು ಮರೆಯದಿರಲೆಂಬುದು ಇಂಥ ಹೆಸರುಗಳ ಇಂಗಿತ. ಇಂಗ್ಲೆಂಡಿನಲ್ಲಿಯೂ ಈ ಬಗೆಯ ಹೆಸರುಗಳು ಹೇರಳ. ನ್ಯೂಟನ್, ಮಿಲ್ಟನ್ ಎಂದೊಡನೆ ನಮಗೆ ವಿಜ್ಞಾನಿಯೂ ಕವಿಯೂ ನೆನಪಾಗುತ್ತಾರೆ. ಆದರೆ ಇವು ಮೊದಲು ಹಳ್ಳಿಗಳ ಹೆಸರುಗಳು, ಆಮೇಲೆ ಮನುಷ್ಯರವು.

ಇದೇ ಪಂಕ್ತಿಗೆ ಸೇರಿದ 'ವಾಷಿಂಗ್ಟನ್' ಎಂಬ ಹೆಸರು ಮಾತ್ರ ಮೇಲಿನ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2000ನೆಯ ಇಸವಿಯ ಜನಗಣತಿಯ ವೇಳೆಗೆ ಈ ಹೆಸರಿನವರು 1,63,036 ಮಂದಿ ಇದ್ದರು. ಅವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು, ಕರಿಯರು. 2010ರ ಗಣತಿಯಲ್ಲಿ ಸಂಖ್ಯೆ 1,77,386ಕ್ಕೆ ಏರಿತು. ಕರಿಯರ ಪಾಲು ಶೇಕಡ 87ಕ್ಕಿಂತ ಹೆಚ್ಚಾಗಿಯೇ ಉಳಿಯಿತು. ಆ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿರುವ ಹೆಸರುಗಳಲ್ಲಿ ಇಷ್ಟು ದೊಡ್ಡ ಪಾಲು ಕರಿಯರದೇ ಆದ ಹೆಸರು ಇನ್ನೊಂದಿರಲಿಲ್ಲ. ಮೂಲನಾಡಾದ ಇಂಗ್ಲೆಂಡಿನಲ್ಲಾದರೋ ಈ ಹೆಸರಿನವರು ವಿರಳ. ಉತ್ತರ ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರು ಇಷ್ಟು ಜನ ಕರಿಯರ ಮನೆತನದ ಹೆಸರಾದುದು ಹೇಗೆ?

ಆ ಹಳ್ಳಿ ವಿಯರ್ ನದಿಗೆ ಸಮೀಪದಲ್ಲಿ, ಹಿಂದೆ ಡರಂ ಸೀಮೆಗೆ ಸೇರಿತ್ತು. ಕಲ್ಲಿದ್ದಲ ಗಣಿಗಳಿದ್ದ ಆ ಪ್ರದೇಶವನ್ನು 1964ರಲ್ಲಿ 'ಹೊಸ ಪಟ್ಟಣ'ವೆಂದು ಗೊತ್ತುಮಾಡಿ ಬೆಳೆಸಿದರು. ಈಗ ಅದು ಸಂಡರ್ಲೆಂಡ್ ನಗರಾಡಳಿತದ ಭಾಗ. ಹೆಸರಿನ ವ್ಯುತ್ಪತ್ತಿ ಸ್ವಾರಸ್ಯವಾಗಿದೆ. ವಸ್ಸ ಅಥವಾ ಹ್ವಸ್ಸ ಎಂಬುದು ಪ್ರಾಚೀನ ಆಂಗ್ಲರ ಒಬ್ಬ ಯಜಮಾನನ ಹೆಸರು. 'ಇಂಗ್' ಎಂದರೆ ಅವನ ಕಡೆಯವರು. 'ಟೂನ್' ಎಂದರೆ ಅವರ ನೆಲೆ. ಈ 'ಟೂನ್' ಶಬ್ದಕ್ಕೆ ಮೊದಲಿದ್ದ ಅರ್ಥ ಬೇಲಿ. ಅದರ ಬಳಗಕ್ಕೆ ಸೇರಿದ ಜರ್ಮನ್ ಶಬ್ದಕ್ಕೆ ಇಂದಿಗೂ ಬೇಲಿಯೆಂದೇ ಅರ್ಥ. ಬೇಲಿ ಹಾಕಿದ ಜಾಗ, ಆ ಜಾಗದಲ್ಲಿನ ಮನೆ, ಮನೆಗಳು ಕೂಡಿದ ಹಳ್ಳಿ, ಕಡೆಗೆ ಪಟ್ಟಣ ಎಂದು ಅರ್ಥ ಬೆಳೆಯುತ್ತ ಹೋಗಿ ಇಂದಿನ 'ಟೌನ್' ಆಯಿತು. ದನಕರುಗಳನ್ನು ಕೂಡುವ ನಮ್ಮ 'ಹಟ್ಟಿ' ಜನ ಬಾಳುವ ಹಟ್ಟಿಯಾಗಿ ಎಷ್ಟೋ ಊರುಗಳ ಹೆಸರಿನ ಕೊನೆಯಲ್ಲಿ ನಿಂತಿರುವುದನ್ನು ಬಲ್ಲವರಿಗೆ ಈ ಅರ್ಥವಿಕಾಸವನ್ನು ವಿವರಿಸಬೇಕಾಗಿಲ್ಲ. ವಸ್ಸನ ಹಟ್ಟಿಯೇ ವಾಷಿಂಗ್ಟನ್. ದಕ್ಷಿಣದ ಸಸೆಕ್ಸ್ ಸೀಮೆಯಲ್ಲಿಯೂ ಅದೇ ಹೆಸರಿನ ಇನ್ನೊಂದು ಹಳ್ಳಿಯಿದೆ. ಆದ್ದರಿಂದ ಇಂಗ್ಲೆಂಡಿನ ವಾಷಿಂಗ್ಟನ್ನರೆಲ್ಲ ಒಂದೇ ಬಳ್ಳಿಯ ಕಾಯಿಗಳೆಂದು ಹೇಳುವಂತಿಲ್ಲ.

ವಂಶಪಾರಂಪರ್ಯವಾದ ಮನೆತನದ ಹೆಸರು ಆಂಗ್ಲರಲ್ಲಿ ಮೊದಲು ಇರಲಿಲ್ಲ. 1066ರಲ್ಲಿ ನಾರ್ಮನರು ದೇಶವನ್ನು ಗೆದ್ದ ಮೇಲೆ ಭೂಮಿಯ ಒಡೆತನ ತಂದೆಯಿಂದ ಮಗನಿಗೆ ಸಾಗಬೇಕಾದಾಗ, ಒಡೆತನದೊಡನೆ ಹೆಸರೂ ಸಾಗತೊಡಗಿತು. ಮೊದಲು ಜಮೀನ್ದಾರರಲ್ಲಿ ಹುಟ್ಟಿದ ಈ ಪದ್ಧತಿ ಬಡವರ ಗುಡಿಸಲಿಗೆ ಇಳಿಯಲು ಮುನ್ನೂರು ವರ್ಷಗಳಷ್ಟು ಕಾಲ ಹಿಡಿಯಿತು. ಸಾಮಾನ್ಯನಿಗೆ ಊರ ಹೆಸರು ಅಂಟಿಕೊಳ್ಳುವುದು ಅವನು ಊರು ಬಿಟ್ಟ ಮೇಲೆ. ಊರೊಳಗೆ ಎಲ್ಲರೂ ಆ ಊರಿನವರೇ ಆಗಿರುವಾಗ ಒಬ್ಬನನ್ನು ಹಾಗೆ ಕರೆದು ಪ್ರಯೋಜನವೇನು? ಒಡೆಯನ ಮಾತು ಬೇರೆ. ಊರಲ್ಲಿದ್ದುಕೊಂಡೇ ಊರಿನ ಹೆಸರನ್ನು ತನ್ನದಾಗಿಸಿಕೊಳ್ಳುವ ಅಧಿಕಾರ ಅವನಿಗುಂಟು. ಡರಂನ ಬಿಷಪ್ಪನ ಆಸ್ತಿಯ ವಿವರಗಳನ್ನು 1183ರಲ್ಲಿ ಬರೆದಿರಿಸಿದ 'ಬೋಲ್ಡನ್ ಪುಸ್ತಕ'ದಲ್ಲಿ ಹರ್ಟ್‌ಬರ್ನ್ ಊರಿನ ವಿಲಿಯಂ ಎಂಬಾತ ತನ್ನ ಆ ಊರನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ವಾಷಿಂಗ್ಟನ್ ಗ್ರಾಮವನ್ನು ಪಡೆದ ಸಂಗತಿ ಇದೆ. ಊರು ಬದಲಾದೊಡನೆ ಹೆಸರೂ ಬದಲಾಯಿತು. ಹರ್ಟ್‌ಬರ್ನಿನ ವಿಲಿಯಂ ಹೋಗಿ ವಾಷಿಂಗ್ಟನ್ನಿನ ವಿಲಿಯಂ ಬಂದ. ಹೀಗೆ ಈ ವಂಶಕ್ಕೆ ಹೆಸರು ಬಂದದ್ದು ರಕ್ತದಿಂದಲ್ಲ, ಭೂಮಿಯ ಒಂದು ವಿನಿಮಯದಿಂದ. ಮುಂದಿನ ಕಥೆಗೆ ಈ ಅಂಶ ಬೇಕಾಗುತ್ತದೆ.

ವಿಲಿಯಮನ ವಂಶ ಕವಲೊಡೆಯಿತು. ಒಂದು ಕವಲು ಲ್ಯಾಂಕಷೈರಿನ ವಾರ್ಟನ್ನಿಗೆ ಬಂದು, ಅಲ್ಲಿಂದ ನಾರ್ಥಾಂಪ್ಟನ್ನಿಗೆ ಇಳಿಯಿತು. ಉಣ್ಣೆಯ ವ್ಯಾಪಾರದಲ್ಲಿ ಹಣ ಗಳಿಸಿ ಆ ಪಟ್ಟಣದ ಮೇಯರ್ ಆದ ಲಾರೆನ್ಸ್ ವಾಷಿಂಗ್ಟನ್, ಎಂಟನೆಯ ಹೆನ್ರಿ ಮಠಗಳ ಆಸ್ತಿಯನ್ನು ಕಿತ್ತು ಮಾರುತ್ತಿದ್ದಾಗ, 1539ರಲ್ಲಿ ಸಲ್‌ಗ್ರೇವ್ ಗ್ರಾಮವನ್ನು ಕೊಂಡ. ಅವನ ಪೀಳಿಗೆಯ ಒಬ್ಬ ಪಾದ್ರಿ ರಾಜಪಕ್ಷದವನೆಂಬ ಕಾರಣಕ್ಕೆ ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ತನ್ನ ಚರ್ಚನ್ನು ಕಳೆದುಕೊಂಡ. ಹೆಂಡದಂಗಡಿಯಲ್ಲಿ ಕಾಲ ಕಳೆಯುತ್ತಾನೆಂಬ ಆರೋಪವನ್ನೂ ಅವನ ಮೇಲೆ ಹೊರಿಸಿದ್ದರು. ನೆಲೆ ತಪ್ಪಿದ ಮನೆಯ ಮಗ ಜಾನ್ ಹಡಗು ಹತ್ತಿದ. ಹೊಗೆಸೊಪ್ಪಿನ ವ್ಯಾಪಾರಕ್ಕೆಂದು ವರ್ಜೀನಿಯಕ್ಕೆ ಬಂದ ಆ ಹಡಗು ಪೊಟೋಮ್ಯಾಕ್ ನದಿಯಲ್ಲಿ ಮರಳಿಗೆ ಸಿಕ್ಕಿ ನಿಂತಿತು. ಜಾನ್ ಅಲ್ಲಿಯೇ ಮದುವೆಯಾಗಿ ನೆಲಸಿದ. ಅವನ ಮರಿಮಗನೇ 1732ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್. ಇವನಿಗೆ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗತವಾದ ಸೈನ್ಯದ ದಂಡನಾಯಕ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ, ಟೀಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದವನು. ಕಾರ್ನ್‌ವಾಲಿಸ್ ಎಂಬುದೂ ಕಾರ್ನ್‌ವಾಲ್ ಸೀಮೆಯಿಂದ ಬಂದ ಹೆಸರೇ.

ಜಾರ್ಜನ ಕೀರ್ತಿಯಿಂದ ಹೆಸರು ಮತ್ತೆ ಊರಾಯಿತು. 1791ರಲ್ಲಿ ಹೊಸ ರಾಜಧಾನಿಗೆ ಅವನ ಹೆಸರನ್ನಿಟ್ಟರು. 1889ರಲ್ಲಿ ಪಶ್ಚಿಮ ತೀರದ ಒಂದು ರಾಜ್ಯವೇ ಆ ಹೆಸರಿನಿಂದ ಒಕ್ಕೂಟಕ್ಕೆ ಸೇರಿತು. ಆದರೆ ಜಾರ್ಜನಿಗೆ ಸ್ವಂತ ಮಕ್ಕಳಿರಲಿಲ್ಲ. ಅವನ ಮೌಂಟ್ ವರ್ನನ್ ತೋಟಗಳಲ್ಲಿ 1799ರಲ್ಲಿ ದುಡಿಯುತ್ತಿದ್ದ ಗುಲಾಮರು 317 ಮಂದಿ. ಅವರಲ್ಲಿ ತನ್ನ ಸ್ವಂತ ಒಡೆತನದಲ್ಲಿದ್ದ 123 ಮಂದಿಯನ್ನು ಬಿಡುಗಡೆ ಮಾಡಬೇಕೆಂದು ಉಯಿಲು ಬರೆದು ಅವನು ಅದೇ ವರ್ಷ ತೀರಿಕೊಂಡ. ಇಂದಿನ ಕರಿಯ ವಾಷಿಂಗ್ಟನ್ನರು ಇವರ ಮಕ್ಕಳು ಮೊಮ್ಮಕ್ಕಳೇ ಇರಬೇಕೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. 123 ಮಂದಿಯಿಂದ ಒಂದೂವರೆ ಲಕ್ಷದಷ್ಟು ಜನ ಒಂದೇ ಹೆಸರನ್ನು ಹೊತ್ತು ಬರುವುದು ಅಸಂಭವ. ಗುಲಾಮನಿಗೆ ಒಡೆಯನ ಹೆಸರೇ ಬಂತೆಂಬ ಸುಲಭವಾದ ಉತ್ತರವನ್ನು ಬಿಟ್ಟು ಬೇರೆ ಕಡೆ ನೋಡಬೇಕು.

ಗುಲಾಮರಿಗೆ ಮನೆತನದ ಹೆಸರನ್ನು ಕಾನೂನು ಮನ್ನಿಸುತ್ತಿರಲಿಲ್ಲ. 1850 ಮತ್ತು 1860ರ ಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟನ್ನು ಬರೆದರು. ಸಾಮಾನ್ಯವಾಗಿ ಮನುಷ್ಯನ ಹೆಸರನ್ನು ಬರೆಯಲಿಲ್ಲ. ನಾಗರಿಕನೆಂದು ಅವನ ಹೆಸರು ಮೊದಲು ಕಾಣಿಸಿಕೊಳ್ಳುವುದು 1870ರ ಗಣತಿಯಲ್ಲಿ. ಹಾಗೆಂದು ಅವರೊಳಗೆ ಹೆಸರುಗಳು ಇರಲೇ ಇಲ್ಲವೆಂದು ತಿಳಿಯಬಾರದು. ಕರಿಯರ ಕುಟುಂಬಜೀವನವನ್ನು ಕುರಿತು 1976ರಲ್ಲಿ ದೊಡ್ಡದೊಂದು ಗ್ರಂಥವನ್ನು ಪ್ರಕಟಿಸಿದ ಹರ್ಬರ್ಟ್ ಗಟ್‌ಮನ್ ಎಂಬ ಇತಿಹಾಸಕಾರರು ತೋರಿಸಿದಂತೆ, ಅನೇಕ ಗುಲಾಮರು ಒಡೆಯನ ಕಿವಿಗೆ ಬೀಳದಂತೆ ಮನೆತನದ ಹೆಸರುಗಳನ್ನು ತಮ್ಮತಮ್ಮಲ್ಲೇ ಕಾಪಾಡಿಕೊಂಡಿದ್ದರು. ಅವನ್ನು 'ಎನ್‌ಟೈಟಲ್' ಎಂದು ಕರೆಯುತ್ತಿದ್ದರು. ಆಂಗ್ಲ ಭಾಷೆಯ ಆ ಮಾತಿನಲ್ಲಿ ಹೆಸರೆಂಬ ಅರ್ಥವೂ ಹಕ್ಕೆಂಬ ಅರ್ಥವೂ ಕೂಡಿಕೊಂಡಿರುವುದು ಕೇವಲ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಈ ವಿಷಯದಲ್ಲಿ ಬುಕರ್ ಟಿ. ವಾಷಿಂಗ್ಟನ್ನರ ಆತ್ಮಕಥೆಗಿಂತ ಹೆಚ್ಚು ಬೆಳಕು ಕೊಡುವ ಪುಸ್ತಕವನ್ನು ನಾನು ಕಂಡಿಲ್ಲ. ಅದು 1901ರಲ್ಲಿ ಹೊರಬಂದಿತು. ಬುಕರ್ 1856ರಲ್ಲಿ ವರ್ಜೀನಿಯದ ಒಂದು ತೋಟದಲ್ಲಿ ಗುಲಾಮಳ ಮಗನಾಗಿ ಹುಟ್ಟಿದವರು. ಬಿಡುಗಡೆಯಾದ ಮೇಲೆ ಕುಟುಂಬ ಪಶ್ಚಿಮ ವರ್ಜೀನಿಯಕ್ಕೆ ಹೋಗಿ ಉಪ್ಪಿನ ಭಟ್ಟಿಯಲ್ಲಿ ಕೂಲಿಗೆ ನಿಂತಿತು. ಮಲತಂದೆಯ ಪಾಲಿನ ಉಪ್ಪಿನ ಪೀಪಾಯಿಗಳ ಮೇಲೆ ಹಾಕುತ್ತಿದ್ದ 18 ಎಂಬ ಅಂಕಿಯೇ ಹುಡುಗನ ಮೊದಲ ಅಕ್ಷರಾಭ್ಯಾಸ. ಕೊನೆಗೊಮ್ಮೆ ಶಾಲೆಗೆ ಹೋದಾಗ ಹಾಜರಿ ಕರೆಯುವ ಹೊತ್ತಿನಲ್ಲಿ ಹುಡುಗ ಬೆಚ್ಚಿದ: ಮಿಕ್ಕ ಮಕ್ಕಳಿಗೆಲ್ಲ ಎರಡೆರಡು ಹೆಸರು, ಕೆಲವರಿಗೆ ಮೂರು, ತನಗೆ ಇರುವುದು ಬುಕರ್ ಎಂಬ ಒಂದೇ ಹೆಸರು. ತನ್ನ ಸರದಿ ಬರುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಉಪಾಧ್ಯಾಯರು ಪೂರ್ತಿ ಹೆಸರನ್ನು ಕೇಳಿದಾಗ, ಹುಟ್ಟಿದಂದಿನಿಂದ ಹಾಗೆಯೇ ಕರೆಸಿಕೊಂಡವನಂತೆ ಶಾಂತವಾಗಿ, ಬುಕರ್ ವಾಷಿಂಗ್ಟನ್ ಎಂದುಬಿಟ್ಟ. ಮಲತಂದೆಗೆ ವಾಷಿಂಗ್ಟನ್ ಎಂಬ ಹೆಸರಿತ್ತು ನಿಜ. ಆದರೆ ಅದು ಅವನನ್ನು ಕರೆಯುವ ಹೆಸರು, ಮನೆತನದ್ದಲ್ಲ. ತಾಯಿ ತನಗೆ ಟಾಲಿಯಫೆರೊ ಎಂಬ ಹೆಸರನ್ನೂ ಇಟ್ಟಿದ್ದಳೆಂದು ಆಮೇಲೆ ತಿಳಿದಾಗ ಅದನ್ನು ನಡುವೆ ಸೇರಿಸಿಕೊಂಡರು.

ಅದೇ ಪುಸ್ತಕದಲ್ಲಿ ಬುಕರ್ ಇನ್ನೊಂದು ಸಂಗತಿಯನ್ನು ಹೇಳುತ್ತಾರೆ. ಬಿಡುಗಡೆಯ ಸುದ್ದಿ ಬಂದಾಗ ಬಹುಮಟ್ಟಿಗೆ ಎಲ್ಲರೂ ಎರಡು ಮಾತುಗಳನ್ನು ಒಪ್ಪಿದ್ದರಂತೆ: ಹೆಸರು ಬದಲಾಯಿಸಬೇಕು, ನಾಲ್ಕು ದಿನದ ಮಟ್ಟಿಗಾದರೂ ಹಳೆಯ ತೋಟವನ್ನು ಬಿಟ್ಟು ಹೋಗಬೇಕು. ಒಡೆಯನ ಹೆಸರಿನೊಡನೆ ಕರೆಸಿಕೊಳ್ಳುತ್ತಿದ್ದವನು ಲಿಂಕನ್ ಎಂದೋ ಷರ್ಮನ್ ಎಂದೋ ಹೆಸರಿಟ್ಟುಕೊಂಡು ನಡುವೆ ಒಂದು ಅಕ್ಷರವನ್ನು ಇರಿಸುತ್ತಿದ್ದ. ಆ ಅಕ್ಷರಕ್ಕೆ ವಿಸ್ತಾರವೇ ಇರಲಿಲ್ಲ. ಅದು ಅವನ ಎನ್‌ಟೈಟಲಿನ ಒಂದು ಭಾಗ, ಅಷ್ಟೆ. ಹೆಸರಿನ ಹಿಂದೆ ಎರಡೋ ಮೂರೋ ಅಕ್ಷರಗಳಿಲ್ಲದೆ ಸಭೆಯಲ್ಲಿ ಕಾಣಿಸಿಕೊಳ್ಳದ ನಮಗೆ ಇದನ್ನು ಓದಿ ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ವಿಸ್ತಾರವಿಲ್ಲದ ಆ ಅಕ್ಷರಕ್ಕೆ ಅವರು ತೆತ್ತ ಬೆಲೆ ನಮ್ಮ ಊಹೆಗೆ ಮೀರಿದುದು.

ಹೀಗೆ ಕೆಲವರಿಗೆ ಈ ಹೆಸರು ಒಡೆಯನ ಮನೆಯಿಂದ ಬಂದಿರಬಹುದು, ಕೆಲವರಿಗೆ ತಂದೆಯ ಕರೆಯುವ ಹೆಸರಿನಿಂದ. ಬಹುಮಂದಿ ಇದನ್ನು ತಾವಾಗಿಯೇ ಆರಿಸಿಕೊಂಡರೆಂದು ತಿಳಿಯುವುದೇ ಯುಕ್ತವೆಂದು ನನ್ನ ಅಭಿಪ್ರಾಯ. ದೇಶವನ್ನು ಸ್ಥಾಪಿಸಿದವನ ಹೆಸರು ದೇಶಕ್ಕೆ ದುಡಿದ ತಮಗೂ ಸಲ್ಲುತ್ತದೆಂಬ ಛಲ ಅದರಲ್ಲಿದ್ದಿರಬೇಕು. ಇದಕ್ಕೆ ವಿರುದ್ಧವಾದ ಪಕ್ಷವೂ ಉಂಟು. 1950ರ ದಶಕದಲ್ಲಿ ಮಾಲ್ಕಂ ಲಿಟಲ್ ಎಂಬ ತರುಣ ತನ್ನ ಮನೆತನದ ಹೆಸರು ಬಿಳಿಯ ಒಡೆಯನ ಮುದ್ರೆಯೆಂದು ಅದನ್ನು ಕಿತ್ತೆಸೆದು, ಕಳೆದುಹೋದ ಆಫ್ರಿಕದ ಹೆಸರಿನ ಸ್ಥಾನದಲ್ಲಿ 'ಎಕ್ಸ್' ಎಂಬ ಅಕ್ಷರವನ್ನಿಟ್ಟು ಮಾಲ್ಕಂ ಎಕ್ಸ್ ಆದ. ಆ ಕೋಪ ನ್ಯಾಯವಾದುದು. ಆದರೆ ಹ್ಯಾರಿಯ ಕಥೆಯನ್ನು ಕೇಳಿದ ಮೇಲೆ ವಾಷಿಂಗ್ಟನ್ ಎಂಬ ಹೆಸರನ್ನು ಬರಿಯ ಮುದ್ರೆಯೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

ಹ್ಯಾರಿ ಆಫ್ರಿಕದಲ್ಲಿ ಹುಟ್ಟಿ, ಮಾರಾಟವಾಗಿ ಜಾರ್ಜ್ ವಾಷಿಂಗ್ಟನ್ನನ ತೋಟಕ್ಕೆ ಬಂದವನು. ಸ್ವಾತಂತ್ರ್ಯಯುದ್ಧದ ಆರಂಭದಲ್ಲಿ, ತಮ್ಮ ಕಡೆಗೆ ಬಂದ ಗುಲಾಮರಿಗೆ ಬಿಡುಗಡೆ ಕೊಡುವೆವೆಂದು ಬ್ರಿಟಿಷರು ಸಾರಿದಾಗ ಅವನು ಓಡಿಹೋಗಿ ಅವರನ್ನು ಸೇರಿದ. ಯುದ್ಧ ಮುಗಿದು 1783ರಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ತೆರವು ಮಾಡುವಾಗ, ಓಡಿಬಂದ ಗುಲಾಮರನ್ನು ಹಿಂದಿರುಗಿಸಬೇಕೆಂದು ಜನರಲ್ ವಾಷಿಂಗ್ಟನ್ ಬ್ರಿಟಿಷ್ ದಂಡನಾಯಕ ಕಾರ್ಲ್‌ಟನ್ನನ ಇದಿರಿಗೆ ಕುಳಿತು ಕೇಳಿದ. ಕಾರ್ಲ್‌ಟನ್ ಒಪ್ಪಲಿಲ್ಲ, ಹಡಗು ಹತ್ತುವವರ ಹೆಸರನ್ನು ಮಾತ್ರ ಪುಸ್ತಕದಲ್ಲಿ ಬರೆಸಿದ. ಸುಮಾರು ಮೂರು ಸಾವಿರ ಹೆಸರುಗಳ ಆ ಪುಸ್ತಕದಲ್ಲಿ ನಲವತ್ತಮೂರು ವರ್ಷದ ಹ್ಯಾರಿ ವಾಷಿಂಗ್ಟನ್ ಎಂಬ ಹೆಸರು ಇದೆ. ಒಡೆಯನ ಬೇಡಿಕೆಯಿಂದ ತಪ್ಪಿಸಿಕೊಂಡು ಒಡೆಯನ ಹೆಸರಿನೊಡನೆ ಅವನು ಕೆನಡದ ನೋವಾ ಸ್ಕೋಷಿಯಕ್ಕೆ ಹೋದ; ಅಲ್ಲಿಂದ 1792ರಲ್ಲಿ ಸುಮಾರು ಸಾವಿರದಿನ್ನೂರು ಜನರೊಡನೆ ಆಫ್ರಿಕದ ಸಿಯೆರಾ ಲಿಯೋನಿಗೆ ಮರಳಿದ. ಅಲ್ಲಿ ಆಳುತ್ತಿದ್ದ ಕಂಪನಿ ನೆಲಕ್ಕೆ ಕಂದಾಯ ಹೇರಿತು. ಅದನ್ನು ವಿರೋಧಿಸಿ 1800ರಲ್ಲಿ ನಡೆದ ಬಂಡಾಯದಲ್ಲಿ ಸೇರಿದ್ದಕ್ಕಾಗಿ ಹ್ಯಾರಿಯನ್ನು ಗಡೀಪಾರು ಮಾಡಿದರು. ಬ್ರಿಟಿಷ್ ಕಂದಾಯದ ವಿರುದ್ಧ ಬಂಡೆದ್ದ ವಾಷಿಂಗ್ಟನ್ ಒಬ್ಬನೇ ಅಲ್ಲ, ಇಬ್ಬರು.

ಇನ್ನು ಈ ಹೆಸರು ಅಮೆರಿಕದಲ್ಲಿ ಹರಡಿದ ಬಗೆ. ಬಿಡುಗಡೆಯ ಹೊತ್ತಿಗೆ ಕರಿಯರಲ್ಲಿ ಬಹುಪಾಲು ದಕ್ಷಿಣದ ರಾಜ್ಯಗಳಲ್ಲಿದ್ದುದರಿಂದ ಹೆಸರೂ ಅಲ್ಲಿಯೇ ಬೇರೂರಿತು. 1910ರಿಂದ 1970ರವರೆಗೆ ಸುಮಾರು ಅರವತ್ತು ಲಕ್ಷ ಕರಿಯರು ಹತ್ತಿಯ ಹೊಲಗಳನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ಕೈಗಾರಿಕಾ ನಗರಗಳಿಗೆ ವಲಸೆ ಹೋದಾಗ ಅವರೊಡನೆ ಹೋಯಿತು. 1983ರಲ್ಲಿ ಚಿಕಾಗೊ ನಗರ ಆರಿಸಿದ ಮೊದಲ ಕರಿಯ ಮೇಯರ್ ಹೆರಾಲ್ಡ್ ವಾಷಿಂಗ್ಟನ್. ಅದಕ್ಕೂ ಮೊದಲು, ನಗರದ ಆಡಳಿತವನ್ನು ನಗರದ ಜನರ ಕೈಗೆ ಕೊಟ್ಟಾಗ, 1975ರಲ್ಲಿ ರಾಜಧಾನಿಯ ಚುನಾಯಿತ ಮೇಯರಾಗಿ ಅಧಿಕಾರ ವಹಿಸಿಕೊಂಡವರು ಗುಲಾಮನೊಬ್ಬನ ಮರಿಮಗ ವಾಲ್ಟರ್ ವಾಷಿಂಗ್ಟನ್. ವಾಷಿಂಗ್ಟನ್ ನಗರಕ್ಕೆ ವಾಷಿಂಗ್ಟನ್ನರೇ ಮೇಯರು! ಆ ನಗರದ ಧ್ವಜವನ್ನು ರೂಪಿಸಿದ್ದು 1938ರಲ್ಲಿ. ಬಿಳಿಯ ಬಟ್ಟೆಯ ಮೇಲೆ ಎರಡು ಕೆಂಪು ಪಟ್ಟಿ, ಮೇಲುಗಡೆ ಮೂರು ಕೆಂಪು ನಕ್ಷತ್ರ: ಸಲ್‌ಗ್ರೇವ್ ಮನೆಯ ಬಾಗಿಲಲ್ಲಿ ಉಣ್ಣೆಯ ವ್ಯಾಪಾರಿ ಲಾರೆನ್ಸನು ಕೆತ್ತಿಸಿದ್ದ ಮನೆತನದ ಲಾಂಛನವೇ ಅದು.