ಜಾಲತಾಣವನ್ನು ಕೆಡಿಸದೆ ನವೀಕರಿಸುವ ಕ್ರಮ

ನಮ್ಮ ಪಾಠಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಕೆಲವರು ಈಗ ತಮ್ಮ ಸಭೆಯ, ಮಹಿಳಾ ಸಂಘದ ಇಲ್ಲವೆ ಮನೆತನದ ವ್ಯಾಪಾರದ ಜಾಲತಾಣವನ್ನು ತಾವೇ ನೋಡಿಕೊಳ್ಳುತ್ತಿರುವರು. ‘ತಂತ್ರಾಂಶದ ಹೊಸ ಆವೃತ್ತಿ ಬಂದಿದೆ, ನವೀಕರಿಸಿರಿ’ ಎಂಬ ಸೂಚನೆ ಕಂಡಾಗ ಗುಂಡಿಯನ್ನು ಒತ್ತಬೇಕೋ ಬಿಡಬೇಕೋ ಎಂಬದು ಇವರಿಗೆ ಮೇಲಿಂದ ಮೇಲೆ ಬರುವ ಸಂದೇಹವು. ಒತ್ತಿದರೆ ತಾಣವೆಲ್ಲಿ ಮುರಿದೀತೋ ಎಂದು ಅಂಜಿ ವರುಷಗಟ್ಟಲೆ ಸುಮ್ಮನಿರುವವರನ್ನು ನಾವು ಬಲ್ಲೆವು. ಆ ಅಂಜಿಕೆಯು ನಿರಾಧಾರವಾದದ್ದಲ್ಲ. ಆದರೆ ಸುಮ್ಮನಿರುವದು ಅದಕ್ಕೆ ಮದ್ದಲ್ಲ.

ಮುರಿಯುವದು ಯಾಕೆಂದು ಮೊದಲು ತಿಳಿಯತಕ್ಕದ್ದು. ಬಹು ಜನರು ಬಳಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಮೂಲ ತಂತ್ರಾಂಶವನ್ನು ಬರೆದವರು ಒಬ್ಬರು, ಪುಟಗಳಿಗೆ ರೂಪ ಕೊಡುವ ಥೀಮನ್ನು ಬರೆದವರು ಇನ್ನೊಬ್ಬರು, ಅರ್ಜಿಯ ನಮೂನೆ, ಚಿತ್ರಮಾಲೆ ಮೊದಲಾದ ಪ್ಲಗಿನ್‌ಗಳನ್ನು ಬರೆದವರು ಮತ್ತೆ ಬೇರೆಯವರು. ಇವೆಲ್ಲವೂ ಪಿ.ಎಚ್.ಪಿ. ಎಂಬ ಗಣಕ ಭಾಷೆಯ ಮೇಲೆ ನಿಂತಿರುವವು. ಆ ಭಾಷೆಯೂ ಕಾಲಕಾಲಕ್ಕೆ ಬದಲಾಗುವದು. ಇವುಗಳಲ್ಲಿ ಒಂದು ಮುಂದೆ ಸಾಗಿ ಇನ್ನೊಂದು ಹಿಂದೆ ಉಳಿದರೆ, ಎತ್ತುಗಳ ಜೋಡಿ ಹೊಂದದ ಬಂಡಿಯ ಗತಿಯೇ ತಾಣಕ್ಕೂ ಆಗುವದು.

ತಡಮಾಡುವದರ ಅಪಾಯವನ್ನೂ ನೋಡಿರಿ. ದ್ರುಪಾಲ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ದೊಡ್ಡ ದೋಷವಿರುವದಾಗಿ 2014ನೆಯ ಅಕ್ಟೋಬರ್ 15ರಂದು ಪ್ರಕಟವಾಯಿತು. ಪ್ರಕಟಣೆಯಾದ 7 ತಾಸುಗಳೊಳಗೆ ತಿದ್ದಿಕೊಳ್ಳದ ತಾಣಗಳೆಲ್ಲವೂ ಕಳ್ಳರ ಕೈಸೇರಿದವೆಂದೇ ಎಣಿಸತಕ್ಕದ್ದೆಂದು ಅದರ ಭದ್ರತಾ ಮಂಡಳಿಯವರು ಆ ತಿಂಗಳ ಕೊನೆಗೆ ಸಾರಿದರು. ತಿದ್ದುಪಡಿಯನ್ನು ಪ್ರಕಟಿಸುವದೆಂದರೆ ಬಾಗಿಲ ಚಿಲಕ ಸಡಿಲವಾಗಿದೆಯೆಂದು ಊರಿಗೆಲ್ಲ ಡಂಗುರ ಸಾರಿದಂತೆಯೇ ಸರಿ.

ಹಾಗೆಂದು ಕಣ್ಣು ಮುಚ್ಚಿ ಒತ್ತಲೂ ಬಾರದು. 2018ನೆಯ ಫೆಬ್ರುವರಿ 5ರಂದು ಹೊರಟ ವರ್ಡ್‌ಪ್ರೆಸ್ 4.9.3ನೆಯ ಆವೃತ್ತಿಯು ತಾನಾಗಿ ನವೀಕರಿಸಿಕೊಳ್ಳುವ ಶಕ್ತಿಯನ್ನೇ ಕೆಡಿಸಿಬಿಟ್ಟಿತು. ಮರುದಿನವೇ 4.9.4 ಬಂದರೂ, ಅದನ್ನು ಅನೇಕರು ಕೈಯಿಂದಲೇ ಹಾಕಿಕೊಳ್ಳಬೇಕಾಯಿತು.

ಕ್ರಮವರಿತು ಮಾಡುವದು ಹೇಗೆಂಬದಕ್ಕೆ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೇ ಒಳ್ಳೆಯ ನಿದರ್ಶನವು. ಅದನ್ನು ನಡಿಸುವ ಮೀಡಿಯಾವಿಕಿ ತಂತ್ರಾಂಶವು ಸಾಮಾನ್ಯವಾಗಿ ವಾರಕ್ಕೊಮ್ಮೆ ಹೊಸದಾಗುವದು. ಆದರೆ ಎಲ್ಲೆಡೆಗೆ ಒಂದೇ ದಿನ ಹೋಗುವದಿಲ್ಲ. ಮಂಗಳವಾರ ಪರೀಕ್ಷೆಯ ತಾಣಗಳಿಗೆ, ಬುಧವಾರ ವಿಕಿಸೋರ್ಸ್, ವಿಕ್ಷನರಿ ಮೊದಲಾದ ಸೋದರ ತಾಣಗಳಿಗೆ, ಗುರುವಾರ ಕನ್ನಡವೂ ಸೇರಿದಂತೆ ಹೆಚ್ಚಿನ ಎಲ್ಲ ವಿಕಿಪೀಡಿಯಗಳಿಗೆ ಅದು ಮುಟ್ಟುವದು. ನಡುವೆ ದೋಷ ಕಂಡರೆ ಅಲ್ಲಿಗೇ ತಡೆದು, ಹಿಂದಿನ ಆವೃತ್ತಿಗೆ ಮರಳುವರು.

ನಮ್ಮಂಥವರ ಚಿಕ್ಕ ತಾಣಕ್ಕೂ ಇದೇ ರೀತಿಯು ಸಲ್ಲುವದು. ತಾಣದ ಒಂದು ಪ್ರತಿಯನ್ನು ಬೇರೆ ವಿಳಾಸದಲ್ಲಿ ಮರೆಯಾಗಿಟ್ಟು, ಹೊಸದನ್ನು ಮೊದಲು ಅದರ ಮೇಲೆ ಪ್ರಯೋಗಿಸಿ ನೋಡತಕ್ಕದ್ದು. ಪ್ಲಗಿನ್‌ಗಳನ್ನು ಒಂದೊಂದಾಗಿ ನವೀಕರಿಸಿದರೆ ಯಾವುದು ಕೆಡಿಸಿತೆಂಬದು ಗೊತ್ತಾಗುವದು; ಹತ್ತನ್ನೂ ಒಟ್ಟಿಗೆ ಒತ್ತಿದವಳಿಗೆ ಗೊತ್ತಾಗದು. ಕೆಲಸಕ್ಕೆ ಮುಂಚೆ ದತ್ತಾಂಶಕೋಶ, ಚಿತ್ರಗಳ ಕಡತ, ಇವೆರಡರ ನಕಲನ್ನೂ ತೆಗೆದು, ತಾಣವಿರುವ ಯಂತ್ರದಲ್ಲಿಯೇ ಬಿಡದೆ ಬೇರೆಡೆ ಇಡಬೇಕು. ನಮ್ಮ ರೋಣದ ಸೀಮೆಯಲ್ಲಿ ಜೋಳವನ್ನೆಲ್ಲ ಒಂದೇ ಹಗೇವಿಗೆ ಸುರಿದು ನಿಶ್ಚಿಂತರಾಗಿರುತ್ತಿದ್ದ ಒಕ್ಕಲಿಗರಾರು?

ಆ ನಕಲಿನಿಂದ ತಾಣವನ್ನು ಮರಳಿ ಎಬ್ಬಿಸಿ ನೋಡುವ ತನಕ ಅದನ್ನು ನಂಬಬಾರದು. ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಗಂಡಾಂತರವುಂಟು. ಯು.ಟಿ.ಎಫ್.-8 ಎಂಬ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು ಬೇಕು. ‘ಕ್ರಿಸ್ತ’ ಎಂಬ ಶಬ್ದವು 7 ಚಿಹ್ನೆಗಳಾಗಿ 21 ಬೈಟುಗಳನ್ನು ಹಿಡಿಯುವದು. ಅದರ ಇಂಗ್ಲಿಷ್ ರೂಪಕ್ಕೆ 6 ಸಾಕು. ನಕಲು ಮಾಡುವಾಗ ಹಳೆಯ, ಇಂಗ್ಲಿಷಿಗೆ ಮಾತ್ರ ತಕ್ಕ ಬರಹಕ್ರಮವು ನಡುವೆ ಹೊಕ್ಕರೆ ಕನ್ನಡವೆಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವದು, ಹೋದ ಅಕ್ಷರಗಳು ಆ ನಕಲಿನಿಂದ ಮರಳಿ ದೊರೆಯವು. ಇಂಗ್ಲಿಷ್ ಪುಟಗಳೋ ನೆಟ್ಟಗಿರುವವು! ಕನ್ನಡವರಿಯದ ಕಾರಕೂನನು ನೋಡಿ ‘ಎಲ್ಲವೂ ಸರಿಯಾಗಿದೆ’ ಎಂದಾನು. ಆದುದರಿಂದ ಒತ್ತಕ್ಷರಗಳು ತುಂಬಿದ ಒಂದು ಕನ್ನಡ ಪುಟವನ್ನು ಕನ್ನಡ ಬಲ್ಲವರೇ ಓದಿ ನೋಡಬೇಕು.

2024ನೆಯ ಜುಲೈಯಲ್ಲಿ ಬಂದ ವರ್ಡ್‌ಪ್ರೆಸ್ 6.6ರಿಂದೀಚೆಗೆ, ತಾನಾಗಿ ನವೀಕರಣಗೊಂಡ ಪ್ಲಗಿನ್ನು ತಾಣವನ್ನು ನಿಲ್ಲಿಸಿಬಿಡುವಂಥ ದೋಷ ತೋರಿದರೆ ಹಳೆಯದೇ ತಿರಿಗಿ ಬರುವ ಏರ್ಪಾಡಿದೆ. ಆದರೆ ಪುಟವು ಅಂದವಾಗಿ ಕಾಣುತ್ತಿದ್ದು, ತಾಯಿಯೊಬ್ಬಳು ತುಂಬಿ ಕಳುಹಿಸಿದ ಅರ್ಜಿಯು ಮಾತ್ರ ಎಲ್ಲಿಯೂ ಮುಟ್ಟದಿದ್ದರೆ ಯಂತ್ರಕ್ಕೆ ಅದು ತಿಳಿಯದು. ಅರ್ಜಿಯೊಂದನ್ನು ನಾವೇ ತುಂಬಿ ಕಳುಹಿಸಿ, ಅದು ಬಂದು ಸೇರಿತೋ ಎಂದು ನೋಡುವದೇ ಇದಕ್ಕೆ ಉಪಾಯವು. ಇನ್ನೊಂದು ಮಾತು: ಬೆಳಿಗ್ಗೆಯ ನಕಲನ್ನು ಸಂಜೆಗೆ ಮರಳಿ ಹಾಕಿದರೆ ನಡುವಿನ ಹೊತ್ತಿನಲ್ಲಿ ಬಂದ ಅರ್ಜಿಗಳು ಅಳಿದುಹೋಗುವವು. ಕೆಲಸ ಮುಗಿಯುವ ತನಕ ಅರ್ಜಿಯ ಪುಟವನ್ನು ಮುಚ್ಚಿಡುವದು ಲೇಸು.

ದೊಡ್ಡ ಬದಲಾವಣೆಗಳಿಗೆ ದಸರೆಯ ಸೂಟಿಯೇ ತಕ್ಕ ಕಾಲವೆಂಬದು ನಮ್ಮ ಅಭಿಪ್ರಾಯ. ಎಸ್.ಎಸ್.ಎಲ್.ಸಿ. ಫಲಿತಾಂಶದ, ಪ್ರವೇಶದ ದಿನಗಳಲ್ಲಿ ಅದಕ್ಕೆ ಕೈಹಾಕಬಾರದು. ಭದ್ರತೆಯ ತಿದ್ದುಪಡಿಯನ್ನಾದರೋ, ಸೂಟಿ ಇರಲಿ ಇಲ್ಲದಿರಲಿ, ನಕಲು ತೆಗೆದು ಆ ದಿನವೇ ಹಾಕತಕ್ಕದ್ದು.