ಕಾರಿನ ತೂಕ, ಕಾರಿನ ಹಟ

ಕೆಟ್ಟು ನಿಂತ ಕಾರನ್ನು ನೂಕಿದ ಅನುಭವ ನಮ್ಮಲ್ಲಿ ಅನೇಕರಿಗೆ ಉಂಟು. ಸಾವಿರ ಕಿಲೋಗ್ರಾಂ ತೂಗುವ ವಾಹನವನ್ನು ನಾಲ್ವರು ಸೇರಿದರೂ ನೆಲದಿಂದ ಎತ್ತಲಾರರು. ಆದರೆ ಸಮತಟ್ಟಾದ ರಸ್ತೆಯಲ್ಲಿ ಇಬ್ಬರು ಹೆಗಲು ಕೊಟ್ಟರೆ ಅದು ಮೆಲ್ಲನೆ ಉರುಳತೊಡಗುತ್ತದೆ. ಎತ್ತಲಾಗದ್ದನ್ನು ನೂಕಲು ಸಾಧ್ಯವಾದದ್ದು ಹೇಗೆ? ಈ ಪುಟ್ಟ ಪ್ರಶ್ನೆಯ ಹಿಂದೆ ಭೌತವಿಜ್ಞಾನದ ಮೂರು ಮುಖ್ಯ ಕಲ್ಪನೆಗಳು ಅಡಗಿವೆ: ದ್ರವ್ಯರಾಶಿ, ತೂಕ ಮತ್ತು ಬಲ.

ಕಾರಿನಲ್ಲಿ ಅಡಕವಾಗಿರುವ ದ್ರವ್ಯದ ಮೊತ್ತವೇ ಅದರ ದ್ರವ್ಯರಾಶಿ. ಅದನ್ನು ಭೂಮಿ ತನ್ನೆಡೆಗೆ ಸೆಳೆಯುವ ಬಲವೇ ತೂಕ. ಎತ್ತುವಾಗ ನಾವು ಈ ಸೆಳೆತವನ್ನು ಪೂರ್ತಿಯಾಗಿ ಎದುರಿಸಬೇಕು. ನೂಕುವಾಗಲಾದರೋ ಆ ಭಾರವನ್ನು ರಸ್ತೆಯೇ ಹೊತ್ತಿರುತ್ತದೆ. ನಾವು ಗೆಲ್ಲಬೇಕಾದದ್ದು ಚಕ್ರಗಳ ಅಲ್ಪ ಘರ್ಷಣೆಯನ್ನು ಮತ್ತು ಕಾರಿನ ಹಟವನ್ನು. ನಿಂತದ್ದು ನಿಂತೇ ಇರಬೇಕು, ಚಲಿಸುವುದು ಚಲಿಸುತ್ತಲೇ ಇರಬೇಕು ಎಂಬ ಈ ಹಟವನ್ನು ವಿಜ್ಞಾನಿಗಳು ಜಡತ್ವ ಎನ್ನುತ್ತಾರೆ. ದ್ರವ್ಯರಾಶಿ ಹೆಚ್ಚಿದಷ್ಟೂ ಹಟವೂ ಹೆಚ್ಚು.

ತೂಕ ಬೇರೆ, ದ್ರವ್ಯರಾಶಿ ಬೇರೆ ಎಂಬುದಕ್ಕೆ ಚಂದ್ರನ ಮೇಲೆ ಓಡಿದ ಕಾರೇ ಸಾಕ್ಷಿ. 1971ರ ಜುಲೈ 31ರಂದು ಅಪೊಲೊ 15ರ ಯಾತ್ರಿಕರಾದ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಅದರಲ್ಲಿ ಕುಳಿತು ಸಂಚರಿಸಿದರು. ಅದರ ದ್ರವ್ಯರಾಶಿ ಸುಮಾರು 210 ಕಿಲೋಗ್ರಾಂ. ಚಂದ್ರನ ಸೆಳೆತ ಭೂಮಿಯ ಸೆಳೆತದ ಆರನೆಯ ಒಂದು ಪಾಲು. ನಮ್ಮ ಸ್ಪ್ರಿಂಗ್ ತಕ್ಕಡಿಗೆ ಅಲ್ಲಿ ತೂಗುಹಾಕಿದ್ದರೆ ಮುಳ್ಳು 35 ಕಿಲೋಗ್ರಾಮಿನ ಬಳಿ ನಿಲ್ಲುತ್ತಿತ್ತು. ಹೀಗೆ ಎತ್ತುವುದು ಹಗುರವಾದರೂ ಓಡುವ ಕಾರನ್ನು ನಿಲ್ಲಿಸುವುದು ಹಗುರವಾಗಲಿಲ್ಲ. ದ್ರವ್ಯರಾಶಿ ಒಂದಿಷ್ಟೂ ಕರಗಿರಲಿಲ್ಲವಲ್ಲ! ಮೇಲಾಗಿ, ತೂಕ ತಗ್ಗಿದ್ದರಿಂದ ಚಕ್ರಗಳಿಗೆ ನೆಲದ ಹಿಡಿತವೂ ಕಡಮೆ.

ಈ ಹಟವನ್ನು ಮುರಿಯುವುದು ಬಲದ ಕೆಲಸ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ದ್ರವ್ಯರಾಶಿಯನ್ನು ವೇಗ ಬದಲಾಗುವ ದರದಿಂದ ಗುಣಿಸಿದಾಗ ಬರುವುದೇ ಬಲ. ಗಂಟೆಗೆ 54 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 15 ಮೀಟರ್. ಬ್ರೇಕ್ ಒತ್ತಿ 3 ಸೆಕೆಂಡಿನಲ್ಲಿ ನಿಂತರೆ, ವೇಗ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತದೆ. ಆಗ ತಾಯಿಯ ತೊಡೆಯ ಮೇಲಿರುವ 10 ಕಿಲೋಗ್ರಾಮಿನ ಮಗುವನ್ನು ಹಿಡಿದಿಡಲು 50 ನ್ಯೂಟನ್ ಬಲ ಸಾಕು. ಐದು ಕಿಲೋ ಅಕ್ಕಿಯ ಚೀಲವನ್ನು ಎತ್ತಿ ಹಿಡಿದಷ್ಟೇ ಶ್ರಮ.

ಅದೇ ಕಾರು ಗೋಡೆಗೆ ಅಪ್ಪಳಿಸಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತಿತೆನ್ನಿ. ಅವಧಿ ಮೂವತ್ತು ಪಟ್ಟು ಕುಗ್ಗಿತು. ಬೇಕಾದ ಬಲ ಮೂವತ್ತು ಪಟ್ಟು ಹಿಗ್ಗಿತು. ಈಗ 1500 ನ್ಯೂಟನ್ ಬೇಕು, ಅಂದರೆ ಸುಮಾರು 150 ಕಿಲೋಗ್ರಾಂ ಭಾರವನ್ನು ತಟಕ್ಕನೆ ತಡೆಯುವಷ್ಟು. ಯಾವ ತಾಯಿಯ ತೋಳಿಗೆ ಅದು ಸಾಧ್ಯ? ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈಜಾರುವುದು ಖಂಡಿತ. ಆದುದರಿಂದಲೇ ಮಗುವಿಗೆ ಅದರದೇ ಆಸನ, ಅದರದೇ ಪಟ್ಟಿ ಬೇಕು.

ಮಗು ಹಗುರವೆಂದು ನಾವು ತಿಳಿದಿರುವುದು ಅದನ್ನು ದಿನವೂ ಎತ್ತಿಕೊಂಡು. ಅಪಘಾತದ ಕ್ಷಣ ಲೆಕ್ಕಕ್ಕೆ ಹಿಡಿಯುವುದಾದರೋ ಅದರ ದ್ರವ್ಯರಾಶಿಯನ್ನು ಮತ್ತು ನಮ್ಮ ವೇಗವನ್ನು. ಮುಂದಿನ ಬಾರಿ ಕಾರಿನ ಬಾಗಿಲು ಮುಚ್ಚುವಾಗ ಈ ಲೆಕ್ಕ ನೆನಪಿನಲ್ಲಿರಲಿ.

(ಬಾನುಲಿ ಭಾಷಣ)